ಕ್ಲಚ್ ಒತ್ತಿದರೆ ಸದ್ದು ಬರ್ತಿದೆಯಾ?

ಹಳೆಯ ಮಾರುತಿ 800ರಲ್ಲಿ ಕ್ಲಚ್ ಒತ್ತಿದಾಗ ಮಾತ್ರ ಕರಕರ ಸದ್ದು ಬಂದರೆ ರಿಲೀಸ್ ಬೇರಿಂಗ್ ಸವೆದಿರಬಹುದು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ಒತ್ತಿದರೆ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ ಪಡೋಣ. ಇದನ್ನು ಮೊದಲೇ ಕೇಳಿ ತಿಳ್ಕೋಬೇಕು. ಯಾಕಂದ್ರೆ ಬೇರಿಂಗ್ ಚಿಕ್ಕದಾದರೂ ಅದನ್ನು ಬದಲಿಸೋಕೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು.

ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಕೊಡಲೇಬೇಕು. ಬ್ಯಾಟರಿ ಕಳಚಿ, ಗೇರ್ ಆಯಿಲ್ ಇಳಿಸಿ, ಕ್ಲಚ್ ಕೇಬಲ್, ಡ್ರೈವ್ ಶಾಫ್ಟ್ ಬಿಡಿಸಿ, ಇಂಜಿನ್‌ಗೆ ಆಧಾರ ಕೊಟ್ಟೇ ಗೇರ್‌ಬಾಕ್ಸ್ ಇಳಿಸೋಣ. ಹೇಗೂ ಬಿಚ್ಚಿರ್ತೀವಿ, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್‌ಗಳನ್ನೂ ನೋಡಿಬಿಡೋಣ. ಹೊಸ ಬೇರಿಂಗನ್ನು ಪೆಟ್ರೋಲ್‌ನಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತೆ.

ಕೊನೆಗೆ ಕೇಬಲ್‌ನ ಫ್ರೀ ಪ್ಲೇ ಸರಿಮಾಡಬೇಕು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಹೊಸ ಬೇರಿಂಗೂ ಬೇಗ ಸವೆಯುತ್ತದೆ.