ಕ್ಯಾಸೆಟ್ಟಿನ ಸರದಿ ಕೊನೆಗೆ ಬರಲಿ

ಅಪ್ಪ-ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಹೊರಟಿದ್ದೀಯಲ್ಲ, ಒಳ್ಳೆಯ ಕೆಲಸ. ಇನ್ನು ತಡ ಮಾಡಬೇಡ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆಗೆ ತೆರೆ ಎಳೆದ ಮೇಲೆ ಉಳಿದಿರುವುದು ಹಳೆಯ ಯಂತ್ರಗಳು ಮಾತ್ರ.

ಒಂದು ಮಾತು ನೆನಪಿಡು. ವಿಸಿಆರಿನ ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಡಿವೈಸ್ ಸಿಕ್ಕಿಸಿದ ಮೇಲೂ ಪರದೆ ಕಪ್ಪಗೇ ಇದ್ದರೆ ಆ ಕ್ಯಾಸೆಟ್ಟನ್ನು ಹಾಕಿ ತೆಗೆದು ಪರೀಕ್ಷೆಗೆ ಒಡ್ಡಬೇಡ. ಕೇಬಲ್ಲು ಕೆಟ್ಟರೆ ಇನ್ನೊಂದು ತರಬಹುದು. ಟೇಪು ಯಂತ್ರಕ್ಕೆ ಸಿಕ್ಕಿ ತುಂಡಾದರೆ ಎಲ್ಲಿಂದ ತರುತ್ತೀ? ದೋಷ ಹುಡುಕಲು ಟಿವಿಯಿಂದ ಮುದ್ರಿಸಿಕೊಂಡ, ಹೋದರೂ ಬೇಸರವಿಲ್ಲದ ಕ್ಯಾಸೆಟ್ಟು ಸಾಕು. ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ಟು ಬೇಡ. ಅಂಥ ಕೆಲವುಗಳಲ್ಲಿ ನಕಲು ತಡೆಯುವ ಮ್ಯಾಕ್ರೋವಿಷನ್ ಇರುತ್ತದೆ. ಎಲ್ಲ ಸರಿಯಿದ್ದರೂ ಚಿತ್ರ ಬಾರದೆ ನಿನ್ನ ದಾರಿ ತಪ್ಪಿಸುತ್ತದೆ.

ಮೊದಲು ವಿಸಿಆರನ್ನು ಡಿವೈಸಿಗೆ ಹಾಕಿದ್ದ ಹಳದಿ ಕೇಬಲ್ಲಿನಿಂದಲೇ ನೇರ ಟಿವಿಗೆ ಜೋಡಿಸು. ಅಲ್ಲಿ ಚಿತ್ರ ಬಂದರೆ ಯಂತ್ರವೂ ಕೇಬಲ್ಲೂ ಸರಿಯಿವೆ. ಬರದಿದ್ದರೆ ವಿಸಿಆರಿನಲ್ಲಿ ಹಳದಿ ಪಿನ್ನು ‘ಔಟ್’ನಲ್ಲಿದೆಯೋ ‘ಇನ್’ನಲ್ಲಿದೆಯೋ ನೋಡು. ಆಂಟೆನಾ ಔಟ್ ಕ್ಯಾಪ್ಚರ್ ಡಿವೈಸಿಗೆ ಆಗಿಬರುವುದಿಲ್ಲ. ಪರದೆಯ ತುಂಬ ಚುಕ್ಕೆಗಳು ಸುರಿಯುತ್ತಿದ್ದರೆ ವಿಸಿಆರಿನಲ್ಲಿ ಟೇಪು ಓದುವ ಹೆಡ್ಡಿಗೆ ಕೊಳೆ ಹತ್ತಿರಬಹುದು. ನೀನೇ ಒರೆಸಲು ಹೋಗಬೇಡ. ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ, ಮೇಲೆ ಕೆಳಗೆ ಉಜ್ಜಿದರೆ ಹೆಡ್ಡೇ ಮುರಿಯಬಹುದು. ಕೈ ಪಳಗಿದ ರಿಪೇರಿಯವರಿಗೇ ಒಪ್ಪಿಸು.

ವಿಸಿಆರ್ ಬದಲು ಹ್ಯಾಂಡಿಕ್ಯಾಮಿನಿಂದ ಇಳಿಸುವುದಾದರೆ ಅದರ ಸಣ್ಣ ಜ್ಯಾಕಿನ ಕೇಬಲ್ಲಿನಲ್ಲಿ ಇನ್ನೊಂದು ತೊಡಕಿದೆ. ಒಳಗಿನ ತಂತಿಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಹಳದಿಯಲ್ಲಿ ಚಿತ್ರ ಬಾರದಿದ್ದರೆ ಕೆಂಪು, ಬಿಳಿ ಪಿನ್ನುಗಳನ್ನೂ ಒಂದೊಂದಾಗಿ ಹಳದಿ ಕಿಂಡಿಗೆ ಹಾಕಿ ನೋಡು.

ಟಿವಿಯಲ್ಲಿ ಚಿತ್ರ ಬಂದು ಕಂಪ್ಯೂಟರಿನಲ್ಲಿ ಬಾರದಿದ್ದರೆ ಆಮೇಲೆ ಸಾಫ್ಟ್‌ವೇರಿಗೆ ಕೈ ಹಾಕು. ಕೇಬಲ್ಲು ಹಳದಿಯ ಕಾಂಪೊಸಿಟ್ ಆಗಿದ್ದು ಆಯ್ಕೆ ಎಸ್-ವಿಡಿಯೋ ಎಂದಿದ್ದರೆ ಪರದೆ ಕಪ್ಪೇ. ನಮ್ಮ ದೇಶದ ಕ್ಯಾಸೆಟ್ಟುಗಳದ್ದು ಪಾಲ್ ಪದ್ಧತಿ, 625 ಗೆರೆ, ಸೆಕೆಂಡಿಗೆ 25 ಚೌಕಟ್ಟು. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ಟು 525 ಗೆರೆಯ ಎನ್‌ಟಿಎಸ್‌ಸಿ. ಅದಕ್ಕೆ ವಿಸಿಆರೂ ಒಗ್ಗಬೇಕು, ಆಯ್ಕೆಯೂ ಬದಲಾಗಬೇಕು. ವಿಂಡೋಸ್ ಈ ಡಿವೈಸನ್ನು ಕ್ಯಾಮೆರಾ ಎಂದೇ ಎಣಿಸುವುದರಿಂದ ಪ್ರೈವೆಸಿಯಲ್ಲಿ ಕ್ಯಾಮೆರಾಗೆ ಅನುಮತಿ ಕೊಡು. ಅದನ್ನು ಹಿಡಿದುಕೊಂಡಿರುವ ಬೇರೆ ಪ್ರೋಗ್ರಾಂ ಇದ್ದರೆ ಮುಚ್ಚು. ಯುಎಸ್‌ಬಿ ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಸಿಕ್ಕಿಸು. ಒಂದು ಸಲಕ್ಕೆ ಒಂದನ್ನೇ ಬದಲಿಸು. ಇಲ್ಲವಾದರೆ ಯಾವುದರಿಂದ ಸರಿಹೋಯಿತೆಂದೇ ತಿಳಿಯದು.

ಚಿತ್ರ ಬಂದು ಬಂದು ಹೋಗುತ್ತಿದ್ದರೆ ಡಿವೈಸನ್ನು ಬೈಯಬೇಡ. ಹಳೆಯ ಟೇಪಿನ ಸಿಂಕ್ ಅಲುಗಾಡುತ್ತದೆ. ಟಿವಿ ಅದನ್ನು ಸಹಿಸಿಕೊಂಡರೂ ಡಿಜಿಟಲ್ ಡಿವೈಸ್ ಸಹಿಸುವುದಿಲ್ಲ. ನಡುವೆ ಆ ಅಲುಗಾಟ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇದ್ದರೆ ಚಿತ್ರ ನಿಲ್ಲುತ್ತದೆ.

ಎಲ್ಲ ಸರಿಯಾದ ಮೇಲೆ ಮದುವೆಯ ಕ್ಯಾಸೆಟ್ಟನ್ನು ಕೈಗೆತ್ತಿಕೋ. ಅದರ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡು. ಮಲೆನಾಡು, ಕರಾವಳಿಯ ತೇವಕ್ಕೆ ಬಿಳಿ ಬೂಷ್ಟು ಹಿಡಿದಿದ್ದರೆ ಹಾಕಲೇಬೇಡ, ಶುಚಿ ಮಾಡುವವರಿಗೆ ಕೊಡು. ಚೊಕ್ಕಟವಾಗಿದ್ದರೆ, ‘ಒಮ್ಮೆ ನೋಡಿ ಆಮೇಲೆ ರೆಕಾರ್ಡ್ ಮಾಡೋಣ’ ಎನ್ನಬೇಡ. ಸವೆದ ಟೇಪಿಗೆ ಇನ್ನೊಂದು ಓಟದ ಶಕ್ತಿ ಇರುತ್ತದೆಂಬ ಖಾತರಿಯಿಲ್ಲ. ಮೊದಲ ಓಟದಲ್ಲೇ ರೆಕಾರ್ಡ್ ಒತ್ತು, ಎರಡು ಪ್ರತಿ ಮಾಡು, ಒಂದನ್ನು ಬೇರೆ ಮನೆಯಲ್ಲಿಡು.