ಬಾಲದಲ್ಲಿ ಬುತ್ತಿ

ಹಲ್ಲಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದೀಪದ ಬಳಿ ಹುಳಕ್ಕೆ ಹೊಂಚುಹಾಕುತ್ತ, ಮಾತಿನ ನಡುವೆ ಲೊಚಗುಟ್ಟುವ ಮನೆಯ ಹಲ್ಲಿ. ಅದನ್ನು ಯಾರೂ ಸಾಕಿದವರಲ್ಲ. ತಾನಾಗಿ ಬಂದು ನೆಲಸಿದ್ದು. ಆದರೆ ಅಮೆರಿಕದ ಅನೇಕ ಶಾಲೆಗಳಲ್ಲಿ ತರಗತಿಯ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿಯೊಂದನ್ನು ಇರಿಸಿ ಮಕ್ಕಳೇ ಸಾಕುವ ರೂಢಿಯುಂಟು. ಹಾಗೆ ಸಾಕುವವುಗಳಲ್ಲಿ ಹೆಸರಾದುದು ಚಿರತೆ ಹಲ್ಲಿ.

ಇದರ ತವರು ಅಮೆರಿಕವಲ್ಲ. ಆಫ್ಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಕಲ್ಲು ತುಂಬಿದ ಒಣಭೂಮಿ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಪಾಲಕನಾಗಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಮರಿಯ ಮೈಮೇಲಿನ ಪಟ್ಟೆಗಳು ಬೆಳೆದಂತೆ ಒಡೆದು ಚುಕ್ಕೆಗಳಾಗುತ್ತವೆ. ಹೆಸರು ಬಂದುದು ಆ ಚುಕ್ಕೆಗಳಿಂದ. ಮನೆಯ ಹಲ್ಲಿಗಿಲ್ಲದ ಕಣ್ಣುರೆಪ್ಪೆ ಇದಕ್ಕುಂಟು. ಅದಕ್ಕಿರುವ ಅಂಟುಪಾದ ಇದಕ್ಕಿಲ್ಲ. ಆದುದರಿಂದಲೇ ಇದು ಗಾಜನ್ನು ಹತ್ತಲಾರದು.

ಹಗಲೆಲ್ಲ ಕಲ್ಲಿನ ಮರೆಯಲ್ಲಿ ಅಡಗಿದ್ದು ಮುಸ್ಸಂಜೆಗೆ ಹೊರಬರುವುದು ಇದರ ಸ್ವಭಾವ. ಪಾಪ, ಮಕ್ಕಳು ಮನೆಗೆ ಹೊರಟ ಮೇಲೆಯೇ ಇದರ ದಿನ ಆರಂಭ! ಚಿಮ್ಮಂಡೆ, ಮಿಡತೆಗಳಂತಹ ಜೀವಂತ ಕೀಟಗಳು ಇದರ ಆಹಾರ. ಹುಳುವನ್ನು ಕಂಡೊಡನೆ ಬಾಲದ ತುದಿ ಬೆಕ್ಕಿನ ಬಾಲದಂತೆ ಅಲುಗುತ್ತದೆ. ಮರುಕ್ಷಣ ಹುಳು ಬಾಯಲ್ಲಿರುತ್ತದೆ. ತಾನು ಕಳಚಿದ ಪೊರೆಯನ್ನೂ ಇದು ತಿಂದುಬಿಡುತ್ತದೆ.

ಇದರ ಅವಯವಗಳಲ್ಲಿ ಬಾಲವೇ ವಿಶೇಷವಾದುದು. ಉಂಡ ಆಹಾರದಲ್ಲಿ ಮಿಕ್ಕ ಸತ್ವವು ಕೊಬ್ಬಾಗಿ ಅಲ್ಲಿ ಸೇರುತ್ತದೆ. ಬರಗಾಲಕ್ಕೆಂದು ಕಟ್ಟಿಟ್ಟ ಬುತ್ತಿ ಅದು. ಶತ್ರು ಹಿಡಿದಾಗ ಹಲ್ಲಿಯು ಆ ಬುತ್ತಿಯನ್ನೇ ಕಳಚಿಕೊಟ್ಟು ಓಡುತ್ತದೆ. ಹುಡುಗರು ಆತುರದಿಂದ ಬಾಲ ಹಿಡಿದರೂ ಅಷ್ಟೆ. ಹೊಸ ಬಾಲ ಬೆಳೆಯುವುದು ನಿಜ. ಆದರೆ ಅದರೊಳಗೆ ಮೂಳೆಗೆ ಬದಲಾಗಿ ಮೃದ್ವಸ್ಥಿ ಇರುತ್ತದೆ, ಮೊದಲಿನ ಅಂದವೂ ಮರಳದು. ಬಾಲ ತುಂಬಿಕೊಂಡಿದ್ದರೆ ಹಲ್ಲಿ ಸುಖವಾಗಿದೆ. ಸೊರಗಿದರೆ ರೋಗ ತಗುಲಿರಬೇಕು, ಇಲ್ಲವೆ ಅನ್ನವಿಕ್ಕಬೇಕಾದವರು ಮರೆತಿರಬೇಕು.

ಆಹಾರವೊಂದೇ ಸಾಲದು. ಶೀತರಕ್ತದ ಈ ಪ್ರಾಣಿಗೆ ಹೊರಗಿನ ಶಾಖವಿಲ್ಲದೆ ಉಂಡದ್ದು ಅರಗದು. ಪೆಟ್ಟಿಗೆಯ ಒಂದು ಬದಿ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಬೇಕು. ಚಳಿಗಾಲದ ರಜೆಯಲ್ಲಿ ಶಾಲೆಗೆ ಬೀಗ ಬಿದ್ದು ಕೋಣೆ ತಣ್ಣಗಾದರೆ ಅದರ ಗತಿಯೇನು? ಅಂತಹ ದಿನಗಳಲ್ಲಿ ಅಧ್ಯಾಪಕರಾದರೂ ವಿದ್ಯಾರ್ಥಿಯಾದರೂ ಅದನ್ನು ಮನೆಗೆ ಒಯ್ಯಬೇಕಾಗುತ್ತದೆ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದುದರಿಂದ, ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಲೇಬೇಕು.

ಚೆನ್ನಾಗಿ ಸಾಕಿದ ಚಿರತೆ ಹಲ್ಲಿ 15 ವರ್ಷಗಳಿಗೂ ಮೇಲ್ಪಟ್ಟು ಬದುಕಬಲ್ಲುದು. ಮರಿಯಾಗಿದ್ದಾಗ ಅದಕ್ಕೆ ಹುಳು ತಿನ್ನಿಸಿದ ಮಕ್ಕಳು ಬೆಳೆದು ಶಾಲೆ ಬಿಟ್ಟಿರುತ್ತಾರೆ. ಅದು ಮಾತ್ರ ಅದೇ ಪೆಟ್ಟಿಗೆಯಲ್ಲಿ, ಆ ವರ್ಷದ ಮಕ್ಕಳ ಕೈಯನ್ನು ನಂಬಿ, ಸಂಜೆಯಾಗುವುದನ್ನು ಕಾಯುತ್ತಿರುತ್ತದೆ.