ಹಳೆಯ ಕಿರುವಿಮಾನವನ್ನು ಸಾಕುವ ಲೆಕ್ಕ

ಆನೆಯನ್ನು ಕೊಳ್ಳುವುದು ದೊಡ್ಡದಲ್ಲ, ಸಾಕುವುದು ದೊಡ್ಡದು ಎಂದು ನಮ್ಮ ಹಿರಿಯರು ಹೇಳುವುದುಂಟು. ಈ ಮಾತು ವಿಮಾನಕ್ಕೂ ಚೆನ್ನಾಗಿ ಒಪ್ಪುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಾಮಾನ್ಯ ಗೃಹಸ್ಥರು ಸ್ವಂತಕ್ಕೆ ಪುಟ್ಟ ವಿಮಾನವೊಂದನ್ನು ಇಟ್ಟುಕೊಂಡಿರುವುದು ಅಪರೂಪವಲ್ಲ. ಆ ವಿಮಾನಗಳಲ್ಲಿ ನಲವತ್ತು ಐವತ್ತು ವರ್ಷಗಳ ಹಿಂದೆ ತಯಾರಾದಂಥವೇ ಬಹಳ. ನಾಲ್ಕು ಮಂದಿ ಕುಳಿತುಕೊಳ್ಳಬಹುದಾದ ಸೆಸ್ನಾ 172 ಎಂಬ ವಿಮಾನವನ್ನೇ ತೆಗೆದುಕೊಳ್ಳೋಣ. 1956ರಲ್ಲಿ ಮಾರಾಟಕ್ಕೆ ಬಂದ ಈ ಮಾದರಿಯ ವಿಮಾನಗಳು ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಇಷ್ಟೊಂದು ಸಂಖ್ಯೆಯಲ್ಲಿ ತಯಾರಾದ ಬೇರೆ ವಿಮಾನವಿಲ್ಲ. 1986ರಿಂದ 1996ರವರೆಗೆ ಇದರ ತಯಾರಿಕೆ ನಿಂತೇಹೋಗಿತ್ತು. ಇಂದು ಹೊಸದೊಂದಕ್ಕೆ ನಾಲ್ಕು ಲಕ್ಷ ಡಾಲರುಗಳಿಗೂ ಮೀರಿದ ಬೆಲೆ. 1974ರಲ್ಲಿ ತಯಾರಾದದ್ದಾದರೆ ಸುಮಾರಾಗಿ ಅದರ ಐದನೆಯ ಒಂದು ಪಾಲಿಗೆ ದೊರೆಯುತ್ತದೆ.

ಹಳೆಯದಾದರೇನು, ಹಾರುವುದಷ್ಟೆ ಮುಖ್ಯವೆಂದು ಭಾವಿಸಿ ಕೊಂಡವನಿಗೆ ಸ್ವಲ್ಪ ಕಾಲದಲ್ಲಿಯೇ ಒಂದು ವಿಷಯ ಮನದಟ್ಟಾಗುತ್ತದೆ. ವಿಮಾನದ ಬೆಲೆ ಇಳಿದಿದೆಯೇ ಹೊರತು ಅದನ್ನು ಸುಸ್ಥಿತಿಯಲ್ಲಿಡುವ ವೆಚ್ಚ ಇಳಿದಿಲ್ಲ. ಹೀಗೇಕೆ? ಈ ಪ್ರಶ್ನೆಗೆ ಉತ್ತರವು ವ್ಯಾಪಾರದ ಲೆಕ್ಕದಲ್ಲಿ ಮಾತ್ರವಲ್ಲ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಲ್ಲಿಯೂ ಅಡಗಿದೆ. ವಿಮಾನದ ವಯಸ್ಸನ್ನು ಅಳೆಯುವ ಗಡಿಯಾರ ಒಂದಲ್ಲ, ಮೂರು. ಮೊದಲನೆಯದು ಹಾರುವಾಗ ಮಾತ್ರ ನಡೆಯುತ್ತದೆ. ಎರಡನೆಯದು ವಿಮಾನವು ನಿಂತಿದ್ದರೂ ನಡೆಯುತ್ತದೆ. ಮೂರನೆಯದು ವಿಮಾನದ ಹೊರಗೆ, ಲೋಕದಲ್ಲಿ ನಡೆಯುತ್ತದೆ. ಇವನ್ನು ಒಂದೊಂದಾಗಿ ಪರಿಶೀಲಿಸೋಣ.

ಹಾರಾಟದ ಗಂಟೆಗಳು

ಒಂದು ಕಬ್ಬಿಣದ ತಂತಿಯನ್ನು ತೆಗೆದುಕೊಂಡು ಒಂದೇ ಸಲ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಅದನ್ನೇ ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಗ್ಗಿಸಿದರೆ ಮುರಿಯುತ್ತದೆ. ಒಮ್ಮೆ ಹೊರಬಲ್ಲ ಭಾರವನ್ನು ಮತ್ತೆ ಮತ್ತೆ ಹೊರಿಸಿದಾಗ ಲೋಹವು ಸೋಲುವ ಈ ಗುಣಕ್ಕೆ ಲೋಹದ ದಣಿವು ಎಂದು ಹೆಸರು. 1850 ಮತ್ತು 1860ರ ದಶಕಗಳಲ್ಲಿ ಜರ್ಮನಿಯ ವೋಲರ್ ಎಂಬಾತನು ರೈಲುಗಾಡಿಯ ಅಚ್ಚುಗಳ ವಿಷಯದಲ್ಲಿ ಇದನ್ನು ಕ್ರಮವಾಗಿ ಅಭ್ಯಾಸ ಮಾಡಿದನು. ಉಕ್ಕಿಗೆ ಒಂದು ಮಿತಿಯುಂಟು. ಒತ್ತಡವು ಆ ಮಿತಿಯ ಕೆಳಗಿದ್ದರೆ ಎಷ್ಟು ಸಲ ಬೇಕಾದರೂ ತಾಳಿಕೊಳ್ಳುತ್ತದೆ. ವಿಮಾನಗಳಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಅಂಥ ಸ್ಪಷ್ಟವಾದ ಮಿತಿಯಿಲ್ಲ. ಒತ್ತಡ ಎಷ್ಟೇ ಅಲ್ಪವಾಗಿರಲಿ, ಸಾಕಷ್ಟು ಸಲ ಮರುಕಳಿಸಿದರೆ ಎಂದಾದರೂ ಬಿರುಕು ಹುಟ್ಟುವ ಸಂಭವವುಂಟು. ಪ್ರತಿಯೊಂದು ಇಳಿತ, ಗಾಳಿಯ ಪ್ರತಿಯೊಂದು ಕುಲುಕಾಟವೂ ರೆಕ್ಕೆಯ ತೊಲೆಯನ್ನು ಒಮ್ಮೆ ಬಗ್ಗಿಸಿ ಬಿಡುತ್ತದೆ.

ಇದು ಕೇವಲ ಪುಸ್ತಕದ ಮಾತಲ್ಲ. 2018ರ ಏಪ್ರಿಲ್ 4ರಂದು ಅಮೆರಿಕದ ಫ್ಲಾರಿಡಾ ಪ್ರಾಂತದ ಡೇಟೋನಾ ಬೀಚಿನಲ್ಲಿ, ವಿದ್ಯಾರ್ಥಿಗಳಿಗೆ ಹಾರಾಟ ಕಲಿಸಲು ಬಳಸುತ್ತಿದ್ದ ಪೈಪರ್ ವಿಮಾನವೊಂದರ ರೆಕ್ಕೆ ಮೇಲೇರುವಾಗಲೇ ಕಳಚಿಹೋಗಿ, ಒಳಗಿದ್ದ ಇಬ್ಬರೂ ಮೃತರಾದರು. ರೆಕ್ಕೆಯ ಮುಖ್ಯ ತೊಲೆಯಲ್ಲಿ ಬೋಲ್ಟು ಕೂರುವ ರಂಧ್ರದ ಬಳಿ ದಣಿವಿನ ಬಿರುಕು ಬೆಳೆದಿದ್ದುದು ತನಿಖೆಯಿಂದ ತಿಳಿದುಬಂದಿತು. ಆ ವಿಮಾನವು 2007ರಲ್ಲಿ ತಯಾರಾದದ್ದು. ವರ್ಷಗಳ ಲೆಕ್ಕದಲ್ಲಿ ಅದು ಹಳೆಯದಲ್ಲ. ಆದರೆ ಅದು ಹಾರಿದ್ದು ಏಳು ಸಾವಿರಕ್ಕೂ ಹೆಚ್ಚು ಗಂಟೆಗಳು. ಕಲಿಯುವವರ ಕೈಯಲ್ಲಿ ಅದು ನೆಲಕ್ಕಿಳಿದ ಸಲಗಳಂತೂ ಸಾವಿರಾರು. ಇದಾದ ಮೇಲೆ, ಅದೇ ಬಗೆಯ ತೊಲೆಯುಳ್ಳ, ಬಹಳ ಹಾರಿದ ಪೈಪರ್ ವಿಮಾನಗಳಲ್ಲಿ ಆ ರಂಧ್ರಗಳನ್ನು ಪರೀಕ್ಷಿಸಲೇಬೇಕೆಂದು 2021ರ ಆರಂಭದಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಆಜ್ಞೆ ಮಾಡಿತು.

ಕಣ್ಣಿಗೆ ಕಾಣದ ಬಿರುಕನ್ನು ಕಂಡುಹಿಡಿಯುವುದು ಹೇಗೆ? ಪರ್ಯಾಯ ವಿದ್ಯುತ್ತು ಹರಿಯುವ ಚಿಕ್ಕ ಸುರುಳಿಯೊಂದನ್ನು ರಂಧ್ರದೊಳಗೆ ಇಳಿಸುತ್ತಾರೆ. ಫ್ಯಾರಡೆಯ ನಿಯಮದಂತೆ ಸುತ್ತಲಿನ ಲೋಹದಲ್ಲಿ ಸುಳಿಯಂತಹ ವಿದ್ಯುತ್ಪ್ರವಾಹಗಳು ಉಂಟಾಗುತ್ತವೆ. ಬಿರುಕಿದ್ದ ಕಡೆ ಈ ಪ್ರವಾಹಗಳು ದಾರಿ ತಪ್ಪುತ್ತವೆ. ಅದರ ಪರಿಣಾಮ ಸುರುಳಿಗೆ ತಟ್ಟಿ ಮೀಟರಿನ ಮುಳ್ಳು ಅಲುಗುತ್ತದೆ. ತರಗತಿಯಲ್ಲಿ ನಾವು ಪ್ರೇರಿತ ವಿದ್ಯುತ್ತೆಂದು ಕಲಿಯುವ ಪಾಠವೇ ಇಲ್ಲಿ ಪ್ರಾಣವನ್ನು ಉಳಿಸುತ್ತದೆ. ಇಂಥ ಪರೀಕ್ಷೆಗೆ ತರಬೇತಾದ ಕೈ ಬೇಕು; ಆ ಕೈಗೆ ಕೂಲಿಯನ್ನು ಕೊಡಬೇಕು. ವಿಮಾನವನ್ನು ಸಾಕುವ ವೆಚ್ಚದಲ್ಲಿ ಬಹುಭಾಗ ಸಾಮಾನುಗಳ ಬೆಲೆಯಲ್ಲ, ಬಿಚ್ಚಿ ನೋಡಿ ಮತ್ತೆ ಜೋಡಿಸುವ ಕೆಲಸದ ಬೆಲೆ.

ಎಂಜಿನಿನ ಮಾತೂ ಹೀಗೆಯೇ. 1974ರ ಸೆಸ್ನಾ 172ರಲ್ಲಿರುವುದು ಲೈಕಮಿಂಗ್ ಕಂಪೆನಿಯ ನಾಲ್ಕು ಸಿಲಿಂಡರುಗಳ, 150 ಅಶ್ವಶಕ್ತಿಯ ಎಂಜಿನ್. ಇದನ್ನು 2,000 ಗಂಟೆಗಳಿಗೊಮ್ಮೆ ಪೂರ್ಣವಾಗಿ ಬಿಚ್ಚಿ ನವೀಕರಿಸಬೇಕೆಂಬುದು ತಯಾರಕರ ಸಲಹೆ. ನಿಮಿಷಕ್ಕೆ 2,500 ಸುತ್ತುಗಳೆಂದು ಹಿಡಿದರೆ, ಅಷ್ಟರೊಳಗೆ ಕ್ರಾಂಕ್ ದಂಡವು 30 ಕೋಟಿ ಸಲ ಸುತ್ತಿರುತ್ತದೆ. ರಸ್ತೆಯ ವಾಹನ ಕೆಟ್ಟರೆ ಮರದ ನೆರಳಿನಲ್ಲಿ ನಿಲ್ಲಿಸಬಹುದು. ಆಕಾಶದಲ್ಲಿ ಆ ಅನುಕೂಲವಿಲ್ಲ.

ನಿಂತಿದ್ದರೂ ನಡೆಯುವ ಕಾಲ

ಹಾಗಾದರೆ ವಿಮಾನವನ್ನು ಹಾರಿಸದೆ ಜೋಪಾನವಾಗಿ ಇಟ್ಟರೆ ವೆಚ್ಚ ಉಳಿಯುವುದಿಲ್ಲವೆ? ಹೊಸ ಒಡೆಯರು ಸಾಮಾನ್ಯವಾಗಿ ಬೀಳುವುದು ಈ ತಪ್ಪಿಗೆ.

ಒಂದು ಲೀಟರ್ ಪೆಟ್ರೋಲು ಉರಿದರೆ ಎಷ್ಟು ನೀರು ಹುಟ್ಟುತ್ತದೆಂದು ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಪೆಟ್ರೋಲನ್ನು ಆಕ್ಟೇನ್ ಎಂದು ಭಾವಿಸೋಣ. 114 ಗ್ರಾಂ ಆಕ್ಟೇನ್ ಪೂರ್ಣವಾಗಿ ಉರಿದಾಗ 162 ಗ್ರಾಂ ನೀರು ದೊರೆಯುತ್ತದೆ. ಒಂದು ಲೀಟರಿನ ತೂಕ ಸುಮಾರು 700 ಗ್ರಾಂ. ಆದುದರಿಂದ ಹುಟ್ಟುವ ನೀರು ಹೆಚ್ಚು ಕಡಿಮೆ 1,000 ಗ್ರಾಂ, ಎಂದರೆ ಒಂದು ಲೀಟರ್! ಇದರಲ್ಲಿ ಬಹುಪಾಲು ಆವಿಯಾಗಿ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಆದರೆ ಅಲ್ಪಭಾಗವು ಪಿಸ್ಟನ್ನಿನ ಉಂಗುರಗಳನ್ನು ದಾಟಿ ಎಂಜಿನಿನ ಒಡಲಿಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ತೇವವು ಎಣ್ಣೆಯಿಂದ ಆರಿಹೋಗುತ್ತದೆ. ಇಲ್ಲದಿದ್ದರೆ ಅಲ್ಲಿಯೇ ಉಳಿದು ಉಕ್ಕನ್ನು ತಿನ್ನತೊಡಗುತ್ತದೆ.

ಲೈಕಮಿಂಗ್ ಎಂಜಿನಿನಲ್ಲಿ ಕವಾಟಗಳನ್ನು ತೆರೆಯಿಸುವ ಕ್ಯಾಮ್ ದಂಡವು ಕ್ರಾಂಕ್ ದಂಡದ ಮೇಲ್ಗಡೆ ಇದೆ. ಎಂಜಿನ್ ನಿಂತ ಕೆಲವು ದಿನಗಳಲ್ಲಿ ಎಣ್ಣೆಯೆಲ್ಲ ಕೆಳಕ್ಕೆ ಸೋರಿ, ಕ್ಯಾಮ್ ದಂಡದ ಮೈ ಬರಿದಾಗುತ್ತದೆ. ಅಲ್ಲಿ ತೇವ ಕೂತು ತುಕ್ಕಿನ ಸಣ್ಣ ಕುಳಿಗಳು ಮೂಡುತ್ತವೆ. ಮುಂದೆ ಎಂಜಿನ್ ನಡೆದಾಗ ಆ ಕುಳಿಗಳಿಂದಲೇ ಲೋಹದ ಚೂರುಗಳು ಏಳುತ್ತವೆ. ಕ್ಯಾಮ್ ದಂಡವೊಂದರ ಬೆಲೆ ಇಡೀ ಎಂಜಿನಿನ ಬೆಲೆಯ ಮುಂದೆ ಅಲ್ಪ. ಆದರೆ ಅದನ್ನು ತೆಗೆಯಬೇಕಾದರೆ ಎಂಜಿನಿನ ಒಡಲನ್ನೇ ಎರಡು ಹೋಳಾಗಿ ಬಿಚ್ಚಬೇಕು. ಇಷ್ಟಾದ ಮೇಲೆ ಪೂರ್ಣ ನವೀಕರಣವನ್ನೇ ಮಾಡಿಸುವುದು ಲೇಸೆಂದು ತೋರುತ್ತದೆ. ಈ ಕಾರಣದಿಂದಲೇ ತಯಾರಕರು 2,000 ಗಂಟೆಗಳ ಜೊತೆಗೆ 12 ವರ್ಷಗಳ ಅವಧಿಯನ್ನೂ ಹೇಳಿದ್ದಾರೆ. ಅಮೆರಿಕದಲ್ಲಿ ಸ್ವಂತ ಉಪಯೋಗದ ವಿಮಾನಕ್ಕೆ ಇವೆರಡೂ ಕಡ್ಡಾಯವಲ್ಲ. ಆದರೂ ವಿವೇಕಿಗಳು ಅಲಕ್ಷಿಸುವುದಿಲ್ಲ. ವಾರಕ್ಕೊಮ್ಮೆ ನೆಲದ ಮೇಲೆ ಐದು ನಿಮಿಷ ಎಂಜಿನನ್ನು ನಡೆಸಿ ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ಎಣ್ಣೆ ಕಾಯುವ ಮುನ್ನವೇ ನಿಂತುಹೋಗುವುದರಿಂದ ತೇವ ಹೆಚ್ಚುತ್ತದೆಯೇ ಹೊರತು ಆರುವುದಿಲ್ಲ.

ಕಾಲದ ಪೆಟ್ಟು ಎಂಜಿನಿಗೆ ಮಾತ್ರ ಮೀಸಲಲ್ಲ. ರಬ್ಬರಿನ ಕೊಳವೆಗಳು ಪೆಡಸಾಗುತ್ತವೆ. ತಂತಿಗಳ ಹೊದಿಕೆ ಸೀಳುತ್ತದೆ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ವಿಮಾನದ ಹೆಸರನ್ನು ವಾಚಕರು ಕೇಳಿರಬಹುದು. ಭಾರತದ ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಅದರಲ್ಲಿಯೇ ಹಾರುವುದನ್ನು ಕಲಿತರು. ಅದರಂಥ ವಿಮಾನಗಳ ರೆಕ್ಕೆಗೆ ಹೊದಿಸಿರುವುದು ಬಟ್ಟೆ. ಬಿಸಿಲಿನಲ್ಲಿರುವ ಅತಿನೇರಿಳೆ ಕಿರಣಗಳು ಆ ಬಟ್ಟೆಯ ಬಲವನ್ನು ಕುಗ್ಗಿಸುವುದರಿಂದ, ಹಾರಲಿ ಬಿಡಲಿ, ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಾಯಿಸಲೇಬೇಕಾಗುತ್ತದೆ.

ಅಮೆರಿಕದ ನಿಯಮದಂತೆ, ಹಾರುವ ವಿಮಾನವನ್ನು 12 ತಿಂಗಳಿಗೊಮ್ಮೆ ಅಧಿಕಾರವುಳ್ಳ ಯಂತ್ರಜ್ಞನು ಬಿಚ್ಚಿ ಪರೀಕ್ಷಿಸಬೇಕು. ಈ ಪರೀಕ್ಷೆಯ ಶುಲ್ಕವನ್ನು ಮೊದಲೇ ತಿಳಿಯಬಹುದು. ಪರೀಕ್ಷೆಯಲ್ಲಿ ಹೊರಬೀಳುವ ದೋಷಗಳ ವೆಚ್ಚವನ್ನು ತಿಳಿಯಲಾಗದು. ಎಷ್ಟು ಚಿಕ್ಕ ಭಾಗವೂ ಇಲ್ಲಿ ಚಿಕ್ಕದಲ್ಲ. ಸೆಸ್ನಾ ವಿಮಾನದಲ್ಲಿ ಚಾಲಕನ ಪೀಠವು ಎರಡು ಹಳಿಗಳ ಮೇಲೆ ಜಾರುತ್ತದೆ. ಹಳಿಯ ರಂಧ್ರದಲ್ಲಿ ಒಂದು ಕಡ್ಡಿ ಕೂತು ಅದನ್ನು ಹಿಡಿದಿಡುತ್ತದೆ. ರಂಧ್ರ ಸವೆದರೆ, ವಿಮಾನ ಮೇಲೇಳುವ ಕ್ಷಣದಲ್ಲಿ ಪೀಠ ಹಿಂದಕ್ಕೆ ಜಾರಿ, ಚಾಲಕನು ಅರಿಯದೆ ಚಕ್ರವನ್ನು ಎಳೆದುಬಿಡುವ ಅಪಾಯವುಂಟು. ಆದಕಾರಣ ಈ ಹಳಿಗಳ ಪರೀಕ್ಷೆಗಾಗಿಯೇ 1987ರಲ್ಲಿ ಆಜ್ಞೆಯೊಂದು ಹೊರಟಿತು. 2011ರಲ್ಲಿ ಅದು ಪರಿಷ್ಕೃತವಾಯಿತು.

ಒಂದು ಸರಳ ಸಮೀಕರಣ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಸಂಖ್ಯೆಗಳು ಉದಾಹರಣೆಗಾಗಿ ಹಿಡಿದವು. ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಇವು ಬದಲಾಗುತ್ತವೆ. ಹಾರಿದರೂ ಹಾರದಿದ್ದರೂ ತಪ್ಪದ ವಾರ್ಷಿಕ ವೆಚ್ಚವನ್ನು ‘ಸ’ ಎನ್ನೋಣ. ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಡಿಗೆ 4,000 ಡಾಲರ್, ವಿಮೆ 1,500, ವಾರ್ಷಿಕ ಪರೀಕ್ಷೆ 2,500. ಒಟ್ಟು ‘ಸ’ 8,000 ಡಾಲರ್. ಹಾರಿದ ಪ್ರತಿ ಗಂಟೆಗೂ ಆಗುವ ವೆಚ್ಚವನ್ನು ‘ಚ’ ಎನ್ನೋಣ. ಗಂಟೆಗೆ ಸುಮಾರು 30 ಲೀಟರಿನಂತೆ ಇಂಧನಕ್ಕೆ 50 ಡಾಲರ್. ಎಣ್ಣೆ ಮತ್ತು ಚಿಲ್ಲರೆ ದುರಸ್ತಿಗೆ 15. ಎಂಜಿನಿನ ನವೀಕರಣಕ್ಕೆ 40,000 ಡಾಲರ್ ಆಗುವುದಾದರೆ, 2,000 ಗಂಟೆಗಳಿಗೆ ಹಂಚಿದಾಗ ಗಂಟೆಗೆ 20. ಹೀಗೆ ‘ಚ’ 85 ಡಾಲರ್. ವರ್ಷಕ್ಕೆ ‘ಗ’ ಗಂಟೆಗಳ ಕಾಲ ಹಾರಿದರೆ,

ಗಂಟೆಯ ವೆಚ್ಚ = ಚ + ಸ/ಗ

ವರ್ಷಕ್ಕೆ 200 ಗಂಟೆ ಹಾರಿದರೆ ಇದು 125 ಡಾಲರ್. 100 ಗಂಟೆ ಹಾರಿದರೆ 165. 50 ಗಂಟೆ ಹಾರಿದರೆ 245. ಇದನ್ನು ಗ್ರಾಫ್ ಕಾಗದದ ಮೇಲೆ ಬಿಡಿಸಿದರೆ ಅತಿಪರವಲಯ ದೊರೆಯುತ್ತದೆ. ಎಷ್ಟು ಹಾರಿದರೂ ರೇಖೆಯು 85ರ ಕೆಳಗೆ ಇಳಿಯದು.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ತಪ್ಪು ಅಡಗಿದೆ. ವರ್ಷಕ್ಕೆ 50 ಗಂಟೆ ಮಾತ್ರ ಹಾರುವ ಎಂಜಿನ್ 2,000 ಗಂಟೆ ಮುಟ್ಟಲು 40 ವರ್ಷ ಬೇಕು. ಅಷ್ಟು ಕಾಲ ತುಕ್ಕು ಕಾಯುವುದಿಲ್ಲ. 12 ವರ್ಷಗಳಿಗೇ ಅದನ್ನು ಬಿಚ್ಚಬೇಕಾದರೆ, ಅಷ್ಟರಲ್ಲಿ ಹಾರಿದ್ದು 600 ಗಂಟೆ ಮಾತ್ರ. ಆಗ ಎಂಜಿನಿನ ಪಾಲು ಗಂಟೆಗೆ 20 ಅಲ್ಲ, ಸುಮಾರು 67 ಡಾಲರ್. ಒಟ್ಟು ವೆಚ್ಚ 245 ಅಲ್ಲ, 292. ಕಡಿಮೆ ಹಾರುವವನು ಎರಡು ಕಡೆಯಿಂದ ತೆರುತ್ತಾನೆ. ಒಂದೇ ವಿಮಾನವನ್ನು ಮೂರು ನಾಲ್ಕು ಮಂದಿ ಪಾಲುದಾರರಾಗಿ ಇಟ್ಟುಕೊಳ್ಳುವ ಪದ್ಧತಿ ಅಲ್ಲಿ ಬೆಳೆದಿರುವುದಕ್ಕೆ ಕಾರಣ ಇದೇ. ಸ್ಥಿರವೆಚ್ಚ ಹಂಚಿಹೋಗುತ್ತದೆ, ಎಂಜಿನೂ ತಣ್ಣಗೆ ಕೊಳೆಯುವುದಿಲ್ಲ.

ಲೋಕದೊಡನೆ ಹೆಜ್ಜೆ ಹಾಕುವ ವೆಚ್ಚ

ಮೂರನೆಯ ಗಡಿಯಾರ ವಿಮಾನದ ಹೊರಗಿನದು. ವಿಮಾನದಲ್ಲಿ ಏನೂ ಕೆಡದಿದ್ದರೂ ಲೋಕ ಮುಂದಕ್ಕೆ ಹೋಗುತ್ತದೆ. ಉಪಗ್ರಹಗಳ ನೆರವಿನಿಂದ ತಿಳಿದ ತನ್ನ ಸ್ಥಾನವನ್ನು ರೇಡಿಯೋ ಮೂಲಕ ಸದಾ ಸಾರುವ ಉಪಕರಣವಿಲ್ಲದೆ, 2020ರ ಜನವರಿ 1ರಿಂದ ಅಮೆರಿಕದ ದೊಡ್ಡ ವಿಮಾನ ನಿಲ್ದಾಣಗಳ ಸುತ್ತಣ ಆಕಾಶದಲ್ಲಿ ಸಾಮಾನ್ಯವಾಗಿ ಹಾರುವಂತಿಲ್ಲ. 1974ರ ವಿಮಾನದಲ್ಲಿ ಅದು ಇರುವುದೆಲ್ಲಿ ಬಂತು? ಕೊಂಡು ಹಾಕಿಸಬೇಕು. ಇಂಥ ಬದಲಾವಣೆಗಳು ದುಬಾರಿಯಾಗಲು ಇನ್ನೊಂದು ಕಾರಣವೂ ಉಂಟು. ಪ್ರತಿಯೊಂದು ವಿಮಾನವೂ ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಮಾದರಿಯೊಂದರ ಪ್ರತಿ. ಆ ಮಾದರಿಯಿಂದ ಮುಖ್ಯ ವಿಷಯದಲ್ಲಿ ಬೇರೆಯಾಗಬೇಕಾದರೆ, ಬದಲಾವಣೆಯಿಂದ ಅಪಾಯವಿಲ್ಲವೆಂದು ರುಜುವಾತಾಗಿರಬೇಕು. ಆ ರುಜುವಾತಿನ ವೆಚ್ಚ ಸಾಮಾನಿನ ಬೆಲೆಯಲ್ಲಿ ಸೇರಿರುತ್ತದೆ.

ಶಕ್ತಿಯನ್ನು ಹೆಚ್ಚಿಸುವ ಆಸೆಯನ್ನೂ ತೂಗಿ ನೋಡಬೇಕು. 1974ರ ಎಂಜಿನಿನಲ್ಲಿ ಇಂಧನಮಿಶ್ರಣವು ಏಳನೆಯ ಒಂದು ಪಾಲಿಗೆ ಅಮುಕಲ್ಪಡುತ್ತದೆ. ಇದಕ್ಕೆ 80 ಆಕ್ಟೇನಿನ ಇಂಧನವೇ ಸಾಕೆಂದು ಅಂದು ಒಪ್ಪಲಾಗಿತ್ತು. ಪಿಸ್ಟನ್ನುಗಳನ್ನು ಬದಲಿಸಿ ಎಂಟೂವರೆಯ ಒಂದು ಪಾಲಿಗೆ ಅಮುಕಿದರೆ 160 ಅಶ್ವಶಕ್ತಿ ದೊರೆಯುತ್ತದೆ. ಆದರೆ ಒತ್ತಡ ಹೆಚ್ಚಿದಂತೆ ಇಂಧನವು ಅಕಾಲದಲ್ಲಿ ಸಿಡಿಯದಂತೆ ತಡೆಯಲು ಹೆಚ್ಚಿನ ಆಕ್ಟೇನ್ ಬೇಕು. ಇಂದು ಅಲ್ಲಿ ಹೆಚ್ಚಾಗಿ ದೊರೆಯುವ 100 ಆಕ್ಟೇನಿನ ವಿಮಾನ ಇಂಧನದಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸವಿರಬಹುದು. ಗಂಟೆಗೆ 30 ಲೀಟರ್ ಉರಿದರೆ, ಗಂಟೆಗೆ ಸುಮಾರು 17 ಗ್ರಾಂ ಸೀಸ! ಇದು ಜನರ ಆರೋಗ್ಯಕ್ಕೆ ಅಪಾಯಕರವೆಂದು 2023ರ ಅಕ್ಟೋಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ನಿರ್ಣಯಿಸಿತು. 2030ರ ಅಂತ್ಯದೊಳಗೆ ಸೀಸದ ಬಳಕೆಯನ್ನು ನಿಲ್ಲಿಸುವ ಗುರಿಯನ್ನು ಅಲ್ಲಿ ಇಟ್ಟುಕೊಂಡಿದ್ದಾರೆ. ಹತ್ತು ಅಶ್ವಶಕ್ತಿಗಾಗಿ ಹಣ ತೆರುವವನು ಮುಂದೆ ತನಗೆ ಯಾವ ಇಂಧನ ಬೇಕಾಗುವುದೆಂಬುದನ್ನೂ ಯೋಚಿಸಬೇಕಾಗುತ್ತದೆ. ಇಂಥ ಸುಧಾರಣೆಗಳಿಗೆ ಹಾಕಿದ ಹಣವೆಲ್ಲ ಮಾರುವಾಗ ಹಿಂದಿರುಗುವುದು ಅಪರೂಪವೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಹೀಗಿರಲಾಗಿ, ಹಳೆಯ ವಿಮಾನವನ್ನು ಕೊಳ್ಳುವ ಜಾಣನು ಮೊದಲು ನೋಡುವುದು ಬಣ್ಣವನ್ನಲ್ಲ, ದಾಖಲೆಯ ಪುಸ್ತಕಗಳನ್ನು. ಎಷ್ಟು ಗಂಟೆ ಹಾರಿದೆ, ಎಷ್ಟು ಕಾಲ ನಿಂತಿತ್ತು, ಯಾವ ಆಜ್ಞೆಗಳು ಪಾಲನೆಯಾಗಿವೆ ಎಂಬುದನ್ನು ಲೋಹದ ಹೊಳಪು ಹೇಳಲಾರದು, ಪುಸ್ತಕ ಹೇಳುತ್ತದೆ. ಬಳಿಕ ತಾನು ವರ್ಷಕ್ಕೆ ನಿಜವಾಗಿ ಎಷ್ಟು ಗಂಟೆ ಹಾರುವೆನೆಂದು ತನ್ನನ್ನೇ ಕೇಳಿಕೊಳ್ಳಬೇಕು. ಸರಿಯಾಗಿ ನೋಡಿಕೊಂಡರೆ ಐವತ್ತು ವರ್ಷದ ವಿಮಾನವೂ ನಂಬಿಕೆಗೆ ಯೋಗ್ಯವಾಗಿ ಹಾರುತ್ತದೆ. ಅಮೆರಿಕದ ಆಕಾಶದಲ್ಲಿ ಅಂಥವು ದಿನವೂ ಹಾರುತ್ತಿವೆ. ಆದರೆ ಆ ನಂಬಿಕೆಯನ್ನು ಒಮ್ಮೆ ಕೊಂಡು ಇಟ್ಟುಕೊಳ್ಳಲು ಬರುವುದಿಲ್ಲ; ಅದಕ್ಕೆ ವರ್ಷ ವರ್ಷವೂ ಬೆಲೆ ಕೊಡುತ್ತಲೇ ಇರಬೇಕು. ಆ ಬೆಲೆಯನ್ನು ತೆರಲಾಗದವನು ವಿಮಾನವನ್ನು ಕೊಟ್ಟಿಗೆಯಲ್ಲಿಟ್ಟು ಉಳಿತಾಯ ಮಾಡಿದೆನೆಂದು ತಿಳಿಯುವುದಕ್ಕಿಂತ, ಗೆಳೆಯರೊಡನೆ ಪಾಲಿಗೆ ನಿಲ್ಲುವುದು ಮೇಲು.